ವಾರಕ್ಕೊಂದು ತಟ್ಟೆ

ಸುಬೈದಾ ಹುಟ್ಟಿ ಬೆಳೆದ ಪಾಣೆಮಂಗಳೂರಿನ ಮನೆಯ ಹಿತ್ತಿಲಲ್ಲಿ ನಿಂತರೆ ಹೊಳೆಯಾಚೆಯ ಟಾಕೀಸಿನ ಹಾಡು ಕೇಳುತ್ತಿತ್ತು. ಕೇಳುತ್ತಿತ್ತು, ಅಷ್ಟೆ. ಮದುವೆಯಾಗುವವರೆಗೂ ಆ ಹಾಡು ಕೇಳಿಕೊಂಡೇ ಪಾತ್ರೆ ತಿಕ್ಕಿದ ಹುಡುಗಿ ಒಂದು ದಿನವೂ ಟಾಕೀಸಿನ ಬಾಗಿಲು ದಾಟಲಿಲ್ಲ. ದಾಟಿದ್ದರೆ ಬ್ಯಾರಿಗಳ ಕೇರಿಯಲ್ಲಿ ಅವಳಪ್ಪ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಆಮೇಲೆ ಅಬ್ದುಲ್ ಹಕೀಮನನ್ನು ಮದುವೆಯಾಗಿ ರಿಯಾದಿಗೆ ಬಂದಳು. ಅಲ್ಲಿ ಟಾಕೀಸಿಗೆ ಹೋಗಬಾರದೆಂದು ಹೇಳುವವರು ಯಾರೂ ಇರಲಿಲ್ಲ, ಯಾಕೆಂದರೆ ಆಗ ಇಡೀ ದೇಶದಲ್ಲಿ ಹೋಗಲು ಟಾಕೀಸೇ ಇರಲಿಲ್ಲ. ಅಂಥ ಊರಿನಲ್ಲಿ ಕೂತು ಈ ಹೆಂಗಸು ಜೀವಮಾನಕ್ಕಾಗುವಷ್ಟು ಸಿನಿಮಾ ನೋಡಿದಳು ಎಂದರೆ ನಂಬುವುದು ಕಷ್ಟ, ಆದರೂ ಅದು ಹಾಗೆಯೇ ಆಯಿತು.

ಹಕೀಮನದು ಹಳೆ ಸಾಮಾನಿನ ವ್ಯಾಪಾರ. ಊರು ಬಿಡುವ ವಿದೇಶಿಯರ ಸೋಫಾ, ಫ್ರಿಜ್ಜು, ಪಾತ್ರೆಪಡಿ ಎಲ್ಲ ಸಾರಾಸಗಟಾಗಿ ಕೊಂಡು ತಂದು ಮಾರುವುದು. ಹೀಗೆ ತಂದದ್ದರಲ್ಲಿ ಅವನು ಮನೆಗೆಂದು ಇಟ್ಟುಕೊಂಡ ಮೊದಲ ವಸ್ತು ಒಂದು ವೀಡಿಯೋ ಪ್ಲೇಯರು. ಮಲಾಜ್ ಬಡಾವಣೆಯ ಹಳೇ ಕಟ್ಟಡದ ಎರಡನೇ ಮಾಳಿಗೆಯ ಆ ಮನೆ ಅಂದಿನಿಂದ ಶುಕ್ರವಾರ ಸಂಜೆಯ ಟಾಕೀಸಾಯಿತು. ಅಸರ್ ನಮಾಜು ಮುಗಿದ ಮೇಲೆ ಗಂಡಸರನ್ನೆಲ್ಲ ಹೊರಗೆ ಕಳಿಸುವುದು ರೂಢಿ. ಅವರು ಮೂಲೆಯ ಮಲಯಾಳಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ರಾಜಕೀಯ ಮಾತಾಡುತ್ತಿದ್ದರು. ಇಲ್ಲಿ ಸುಬೈದಾಳ ಕಂಬಳಿಯ ಮೇಲೆ ದಿಂಬಿಗೊರಗಿ ಕಟ್ಟಡದ ಹೆಂಗಸರೆಲ್ಲ ಅಳುತ್ತಿದ್ದರು, ನಗುತ್ತಿದ್ದರು, ನಾಯಕನಿಗೆ ಬುದ್ಧಿ ಹೇಳುತ್ತಿದ್ದರು. ಹಕೀಮನಿಗೆ ಮಕ್ಕಳಾಗಲಿಲ್ಲ ಎಂಬ ಕೊರಗಿತ್ತು. ಸುಬೈದಾಳಿಗೂ ಇತ್ತು, ಆದರೆ ಶುಕ್ರವಾರ ಮಾತ್ರ ಇರುತ್ತಿರಲಿಲ್ಲ.

ಆ ಮಂದಿಯಲ್ಲಿ ಕೊನೆತನಕ ಉಳಿದವರು ಮೂವರು. ಕೆಳಗಿನ ಮನೆಯ ಖದೀಜತ್ ಉಳ್ಳಾಲದವಳು, ಗಂಡ ನಿಸಾರ್ ಒಂದು ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸದವನು. ಮೂರನೇ ಮಾಳಿಗೆಯ ಅಕ್ಕು ಉಡುಪಿ ಕಡೆಯವಳು, ಗಂಡ ಯೋಗೀಶ ಏಸಿ ರಿಪೇರಿಯವನು. ಮೋನಿಷಾ ಎಲ್ಲರಿಗಿಂತ ಕಿರಿಯಳು, ಇಂಜಿನಿಯರನ ಹೆಂಡತಿ, ಪಕ್ಕದ ಓಣಿಯಿಂದ ಬರುತ್ತಿದ್ದಳು. ಸುಬೈದಾ ಮತ್ತು ಖದೀಜತ್ ಇಬ್ಬರೇ ಇದ್ದರೆ ಬ್ಯಾರಿ ಮಾತು, ಅಕ್ಕು ಮತ್ತು ಮೋನಿಷಾ ಇಬ್ಬರೇ ಇದ್ದರೆ ತುಳು. ನಾಲ್ವರೂ ಕೂಡಿದರೆ ಕನ್ನಡ, ಅದೂ ಇಡೀ ಕಟ್ಟಡಕ್ಕೆ ಕೇಳುವಂತೆ.

ಕಷ್ಟಕಾಲ ಹೇಳಿ ಕೇಳಿ ಬರುವುದಿಲ್ಲ ಅನ್ನುತ್ತಾರೆ, ಇಲ್ಲಿ ಮಾತ್ರ ಅದು ಸರಕಾರಿ ಪ್ರಕಟಣೆಯ ಸಮೇತ ಬಂತು. ಇಕಾಮಾ ಎಂಬ ವಾಸದ ಪರವಾನಗಿ ನವೀಕರಿಸುವಾಗ ಹೆಂಡತಿ ಮಕ್ಕಳ ತಲೆಗೂ ಶುಲ್ಕ ಕಟ್ಟಬೇಕೆಂದಾಯಿತು. ಕಂಪೆನಿಗಳು ಜನರನ್ನು ಕಡಿಮೆ ಮಾಡಿದವು. ಸಂಸಾರವನ್ನು ಊರಿಗೆ ಕಳಿಸಿ ಗಂಡಸರು ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿದರು. ಮೊದಮೊದಲು ಹಕೀಮನಿಗೆ ಸುಗ್ಗಿಯೇ ಆಯಿತು, ದಿನಕ್ಕೊಂದು ಮನೆ ಖಾಲಿಯಾಗುತ್ತಿತ್ತಲ್ಲ. ಆಮೇಲೆ ಮಾರುವವರೇ ಎಲ್ಲರೂ, ಕೊಳ್ಳುವವರು ಯಾರು? ಅಂಗಡಿ ಮುಚ್ಚಿ ಅವನು ದೂರದ ಉನೈಜಾದ ಒಬ್ಬ ಖರ್ಜೂರದ ವ್ಯಾಪಾರಿಯ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಗೋದಾಮಿನ ಪಕ್ಕದ ಕೋಣೆಯಲ್ಲಿ ಐದಾರು ಗಂಡಸರ ಜೊತೆ ವಾಸ. ಅಲ್ಲಿಗೆ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ತಿಂಗಳಿಗೆ ಒಂದೆರಡು ಸಲ ಬಸ್ಸಿನಲ್ಲಿ ಬರುತ್ತಿದ್ದ, ಬಂದವನು ನಿದ್ದೆ ಮಾಡುತ್ತಿದ್ದ, ಎದ್ದು ಹೋಗುತ್ತಿದ್ದ. ಪಾಪ, ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಅದೇ ಹೊತ್ತಿಗೆ ದೇಶದಲ್ಲಿ ಟಾಕೀಸುಗಳು ಬಂದವು. ದೊಡ್ಡ ದೊಡ್ಡ ಮಾಲುಗಳಲ್ಲಿ, ಮಲಗಿಕೊಂಡು ನೋಡುವಂಥ ಕುರ್ಚಿಗಳ ಸಮೇತ. ದುಡ್ಡಿದ್ದವರು ಅಲ್ಲಿಗೆ ಹೋದರು. ಇಲ್ಲದವರ ಕೈಯಲ್ಲಿ ಮೊಬೈಲಿತ್ತು. ಸುಬೈದಾಳ ಕಂಬಳಿಯ ಮೇಲೆ ಜಾಗ ಬೇಕಾದಷ್ಟಾಯಿತು. ಖದೀಜತಳಿಗೆ ಮೊಮ್ಮಗುವಿನ ವೀಡಿಯೋ ಕಾಲು, ಅಕ್ಕುವಿಗೆ ತಲೆನೋವು, ಮೋನಿಷಾಗೆ ಎಂಥದೋ ಆನ್‌ಲೈನ್ ಕ್ಲಾಸು. ಒಂದು ಶುಕ್ರವಾರ ಸುಬೈದಾ ಚಹಾ ಮಾಡಿಟ್ಟು, ದಿಂಬು ಜೋಡಿಸಿ, ಸಿನಿಮಾ ಹಾಕಿ ಕೂತಳು. ಯಾರೂ ಬರಲಿಲ್ಲ. ಅವಳೊಬ್ಬಳೇ ಕೊನೆತನಕ ನೋಡಿದಳು. ನಗುವ ಜಾಗದಲ್ಲಿ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಖಾಲಿ ದಿಂಬು ನೋಡಿದ ಕೂಡಲೇ ಅವಳಿಗೆ ಅಳು ಬಂತು. ಒಂಟಿಯಾಗಿರುವುದೆಂದರೆ ಇಷ್ಟು ಹೆದರಿಕೆಯಾಗುತ್ತದೆಂದು ಐವತ್ತು ದಾಟಿದ ಆ ಹೆಂಗಸಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗ ಅವಳಿಗೆ ಅಮೆರಿಕದ ಮೇಡಮ್ಮಿನ ನೆನಪಾಯಿತು.

ಅಂಗಡಿ ಇನ್ನೂ ನಡೆಯುತ್ತಿದ್ದಾಗಿನ ಮಾತದು. ವಿದೇಶಿಯರ ಮನೆ ಖಾಲಿ ಮಾಡುವಾಗ ಅಡಿಗೆಮನೆಯ ಸಾಮಾನು ಕಟ್ಟಲಿಕ್ಕೆ ಹಕೀಂ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಿದ್ದ. ಹಾಗೆ ಹೋದಾಗ ಸಿಕ್ಕಿದವಳು ಆ ಮೇಡಂ. ನೆರೆಗೂದಲಿನವಳು, ಗಂಡನಿಗೆ ನಿವೃತ್ತಿಯಾಗಿ ತನ್ನೂರಿಗೆ ಹೊರಟಿದ್ದಳು. ಕಪಾಟಿನ ಮೇಲಿನಿಂದ ಅವಳು ತೆಗೆದುಕೊಟ್ಟದ್ದು ಗುಲಾಬಿ ಬಣ್ಣದ ಗಾಜಿನ ಒಂದು ಡಜನ್ ತಟ್ಟೆ. ಬೆಳಕಿಗೆ ಹಿಡಿದರೆ ಕೈಯೆಲ್ಲ ಗುಲಾಬಿಯಾಗುತ್ತಿತ್ತು. ಬೆಲೆಬಾಳುವುದಿರಬೇಕೆಂದು ಸುಬೈದಾ ಎರಡು ಕೈಯಲ್ಲಿ ಹಿಡಿದಳು. ಮೇಡಂ ನಕ್ಕು, ಇದು ಪುಕ್ಕಟೆ ಬಂದದ್ದು, ನನ್ನಜ್ಜಿಗೆ ಟಾಕೀಸಿನಲ್ಲಿ ಕೊಟ್ಟದ್ದು ಅಂದಳು. ಸುಬೈದಾಳದು ಅಂಗಡಿಯ ಇಂಗ್ಲಿಷು, ಬೆಲೆ ಹೇಳಲು ಸಾಕಾಗುವಷ್ಟು. ಆದರೂ ಟಾಕೀಸು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವಳು ಬಿಡುವವಳಲ್ಲ. ಕೇಳಿ ಕೇಳಿ, ಕೈಬಾಯಿ ಸನ್ನೆ ಮಾಡಿ ಪೂರ್ತಿ ಕಥೆ ಹೊರಡಿಸಿದಳು.

ಮೇಡಮ್ಮಿನ ಅಜ್ಜಿ ಹೊಸದಾಗಿ ಮದುವೆಯಾದ ಕಾಲಕ್ಕೆ ಅಮೆರಿಕದಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದವಂತೆ. ಕಾರ್ಖಾನೆಗಳಿಗೆ ಬೀಗ. ಕೋಟು ಟೊಪ್ಪಿ ಹಾಕಿದ ಗಂಡಸರು ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದರಂತೆ. ಅಜ್ಜಿಯ ತಮ್ಮನೊಬ್ಬ ದಿನಗಟ್ಟಲೆ ನಿಲ್ಲಿಸದೆ ಕುಣಿಯುವ ಪಂದ್ಯಕ್ಕೆ ಹೆಸರು ಕೊಟ್ಟಿದ್ದನಂತೆ, ಬಹುಮಾನದ ಆಸೆಗಲ್ಲ, ಕುಣಿಯುವಷ್ಟು ದಿನ ಊಟ ಹಾಕುತ್ತಾರೆಂದು. ಇಡೀ ಬೀದಿಯಲ್ಲಿ ಒಂದೇ ರೇಡಿಯೋ, ಸಂಜೆಯಾದರೆ ಅದರ ಮುಂದೆ ಅಕ್ಕಪಕ್ಕದವರೆಲ್ಲ ಜಮೆಯಾಗುತ್ತಿದ್ದರಂತೆ. ಟಾಕೀಸು ಮಾತ್ರ ಖಾಲಿ ಹೊಡೆಯುತ್ತಿತ್ತು. ಆಗ ಟಾಕೀಸಿನವನು ಒಂದು ಉಪಾಯ ಮಾಡಿದ. ವಾರದಲ್ಲಿ ಒಂದು ದಿನ ಟಿಕೆಟು ತೆಗೆದ ಪ್ರತಿ ಹೆಂಗಸಿಗೆ ಒಂದು ತಟ್ಟೆ ಕೊಡುತ್ತೇನೆಂದ. ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಸೆಟ್ಟು ಪೂರ್ತಿಯಾಗಬೇಕಾದರೆ ವಾರ ತಪ್ಪಿಸುವಂತಿಲ್ಲ. ಹೆಂಗಸರು ಮುಗಿಬಿದ್ದರು. ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಸಿನಿಮಾ ನೋಡಿದರು.

"ಸಿನಿಮಾ ಯಾವುದೆಂದು ಅಜ್ಜಿಗೆ ನೆನಪಿರಲಿಲ್ಲ. ಯಾವ ವಾರ ಯಾರು ಪಕ್ಕದಲ್ಲಿ ಕೂತಿದ್ದರು ಅನ್ನುವುದು ಸಾಯುವತನಕ ನೆನಪಿತ್ತು" ಎಂದು ಮೇಡಂ ಹೇಳಿದಳು. ತನ್ನ ಮಕ್ಕಳಿಗೆ ಈ ತಟ್ಟೆಗಳು ಬೇಡವೆಂದು ಸುಬೈದಾಳಿಗೇ ಕೊಟ್ಟಳು. ಜೊತೆಗೆ ಆ ಕಾಲದ ಕಪ್ಪುಬಿಳುಪು ಸಿನಿಮಾಗಳ ಡಿವಿಡಿ ಒಂದು ಡಬ್ಬ. ಹಕೀಮನಿಗೆ ತಟ್ಟೆ ಮಾರುವ ಮನಸ್ಸಿತ್ತು. ಸುಬೈದಾ ಅವುಗಳನ್ನು ಮಂಚದಡಿಗೆ ನೂಕಿ ಮಾತು ಮುಗಿಸಿದ್ದಳು.

ಯಾರೂ ಬಾರದ ಆ ಶುಕ್ರವಾರದ ಮಾರನೇ ದಿನ ಅವಳು ಮಂಚದಡಿಯಿಂದ ತಟ್ಟೆಗಳನ್ನೂ ಡಿವಿಡಿಯ ಡಬ್ಬವನ್ನೂ ಎಳೆದಳು. ತಟ್ಟೆಗಳನ್ನು ತೊಳೆದು ಒರೆಸಿದಳು. ಫೋನು ಮಾಡಿ, ಅಮೆರಿಕದ ಸಿನಿಮಾ ಇದೆ, ಬಂದವರಿಗೆಲ್ಲ ಒಂದು ಉಡುಗೊರೆ ಇದೆ ಎಂದು ಮೂವರಿಗೂ ಹೇಳಿದಳು. ಉಡುಗೊರೆ ಎಂದ ಮೇಲೆ ಅಕ್ಕುವಿನ ತಲೆನೋವು ಇಳಿಯಿತು.

ಎಲ್ಲವೂ ಆ ಟಾಕೀಸಿನವನ ಲೆಕ್ಕಾಚಾರದಂತೆಯೇ ನಡೆಯಬೇಕಿತ್ತು. ಸುಬೈದಾ ಒಂದೇ ಒಂದು ತಪ್ಪು ಮಾಡಿದಳು, ಅದನ್ನು ನಮ್ಮ ಕಡೆಯ ಹೆಂಗಸರಲ್ಲದೆ ಬೇರೆ ಯಾರೂ ಮಾಡಲಾರರು. ತಟ್ಟೆಯನ್ನು ಕೈಗೆ ಕೊಡಬೇಕು ಅನ್ನುವಷ್ಟರಲ್ಲಿ ಅವಳ ಜೀವ ಹಿಂಡಿತು. ಖಾಲಿ ತಟ್ಟೆ ಕೊಡುವುದುಂಟೇ? ಮನೆಗೆ ಬಂದವರ ಕೈಗೆ ಖಾಲಿ ತಟ್ಟೆ ಹಿಡಿಸಿ ಕಳಿಸಿದರೆ ಏನು ಮರ್ಯಾದೆ? ಒಳಗೆ ಓಡಿಹೋಗಿ ಪ್ರತಿ ತಟ್ಟೆಗೂ ಎರಡೆರಡು ಬನ್ಸು ಹಾಕಿ, ಮೇಲೆ ಒಂದು ಕಾಗದ ಮುಚ್ಚಿ ತಂದು ಕೊಟ್ಟಳು. ಮೂವರೂ ಖುಷಿಯಿಂದ ತೆಗೆದುಕೊಂಡು ಹೋದರು.

ಮುಂದಿನ ಶುಕ್ರವಾರ ಮೂವರೂ ಬಂದರು. ಮೂವರ ಕೈಯಲ್ಲೂ ತಟ್ಟೆ. ಖದೀಜತಳ ತಟ್ಟೆಯಲ್ಲಿ ನೈಪತ್ತಿರ್, ಅಕ್ಕುವಿನದರಲ್ಲಿ ಗೋಳಿಬಜೆ, ಮೋನಿಷಾಳದರಲ್ಲಿ ಅಂಗಡಿಯ ಕೇಕು. ಬೇರೆ ಮನೆಯಿಂದ ತಿಂಡಿ ಬಂದ ತಟ್ಟೆಯನ್ನು ಹಿಂದೆ ಕೊಡಬೇಕು, ಕೊಡುವಾಗ ಖಾಲಿ ಕೊಡಬಾರದು. ಕರಾವಳಿಯ ಯಾವ ಜಾತಿಯ ಮನೆಗೆ ಹೋದರೂ ಹೆಣ್ಣುಮಕ್ಕಳಿಗೆ ಮಾತು ಬರುವ ಮೊದಲೇ ಇದನ್ನು ಕಲಿಸಿರುತ್ತಾರೆ.

"ತಟ್ಟೆ ನಿಮಗೇ ಅಂತ ಕೊಟ್ಟದ್ದು. ಇಟ್ಟುಕೊಳ್ಳಿ ಮಾರಾಯ್ರೆ" ಎಂದಳು ಸುಬೈದಾ.

"ಎಂತ ಮಾತು ಸುಬೈದಾಕ್ಕ!" ಅಕ್ಕು ಗದರಿಸಿದಳು. "ಒಳ್ಳೆ ಸೆಟ್ಟು, ಒಂದು ತೆಗೆದರೆ ಹಾಳಾಗ್ತದೆ. ನಮಗೆ ಬನ್ಸು ಸಿಕ್ಕಿತಲ್ಲ, ಸಾಕು."

ವಾರಕ್ಕೊಂದರಂತೆ ತೆಗೆದುಕೊಳ್ಳಿ, ಹಾಗಾದರೂ ವಾರ ವಾರ ಬರುತ್ತೀರಲ್ಲ ಎಂಬ ಮಾತು ಸುಬೈದಾಳ ಗಂಟಲಿನವರೆಗೆ ಬಂತು. ಹೇಳಲಿಲ್ಲ. ಹೇಳಿದರೆ ಭಿಕ್ಷೆ ಕೇಳಿದ ಹಾಗಾಗುತ್ತದೆ. ನಮ್ಮ ಹೆಂಗಸರು ಉಪವಾಸ ಬಿದ್ದರೆ ಅಕ್ಕಿ ಕೇಳಿಯಾರು, ಜೊತೆ ಬೇಕು ಎಂದು ಮಾತ್ರ ಬಾಯಿಬಿಟ್ಟು ಕೇಳುವವರಲ್ಲ. ಅವಳು ಆ ತಟ್ಟೆಗಳಿಗೇ ಬೇರೆ ತಿಂಡಿ ತುಂಬಿಸಿ ಕೊಟ್ಟಳು. ಮುಂದಿನ ವಾರ ಅವು ಮತ್ತೆ ತುಂಬಿ ಬಂದವು.

ಆದದ್ದಾಗಲಿ, ಜನ ಬಂದರಲ್ಲ! ಆ ಚಳಿಗಾಲ ಸುಬೈದಾಳ ಮನೆ ಹಳೇ ದಿನಗಳ ಹಾಗೆ ಗಿಜಿಗುಟ್ಟಿತು. ಅಮೆರಿಕದ ಆ ಸಿನಿಮಾಗಳು ಇವರಿಗೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೆ, ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕನ್ನಡಿಯಂತೆ ಹೊಳೆಯುವ ನೆಲ, ಆಕಾಶದವರೆಗೆ ಹೋಗುವ ಮೆಟ್ಟಿಲು. ಮೆಟ್ಟಿಲ ಮೇಲಿಂದ ಒಬ್ಬಳು ಹಕ್ಕಿಯ ಗರಿಯ ಲಂಗ ಉಟ್ಟು ಇಳಿದು ಬರುತ್ತಾಳೆ, ಕೆಳಗೆ ಕರಿಕೋಟಿನವನು ಬೂಟು ಟಪಟಪ ಕುಟ್ಟುತ್ತ ಕಾಯುತ್ತಾನೆ.

"ಇವರ ದೇಶದಲ್ಲಿ ಆಗ ತಿನ್ಲಿಕ್ಕೆ ಇರಲಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ?" ಎಂದು ಅಕ್ಕು ಕೇಳಿದಳು. "ಮತ್ತೆ ಇದೆಂತ? ಆ ನೆಲ ಒರೆಸ್ಲಿಕ್ಕೇ ಹತ್ತು ಜನ ಬೇಕಲ್ಲ!"

"ತಿನ್ಲಿಕ್ಕೆ ಇಲ್ಲದವರೇ ಇಂಥದ್ದು ನೋಡುವುದು ಮಾರಾಯ್ತಿ" ಎಂದಳು ಖದೀಜತ್. "ಮನೆಯಲ್ಲಿ ಹರಿದ ಚಾಪೆ ಇದ್ದವರಿಗೆ ಟಾಕೀಸಲ್ಲೂ ಹರಿದ ಚಾಪೆ ತೋರಿಸಿದ್ರೆ ಯಾರು ಹೋಗ್ತಾರೆ? ನಮ್ಮ ನಿಸಾರ್ ನೋಡು, ಆಫೀಸಲ್ಲಿ ಯಾರನ್ನು ತೆಗಿತಾರೆ ಅಂತ ಹೆದರಿ ಹೆದರಿ ಬರ್ತಾರೆ, ಬಂದು ದುಬಾಯಿ ಶೇಖುಗಳ ಕಾರಿನ ವೀಡಿಯೋ ನೋಡ್ತಾರೆ."

ಎಲ್ಲರೂ ನಕ್ಕರು. ಖದೀಜತ್ ನಗುವಾಗ ಸುಬೈದಾಳ ತೋಳಿಗೆ ಬಡಿಯುವ ಅಭ್ಯಾಸ. ಗಟ್ಟಿಯಾಗಿಯೇ ಬಡಿಯುತ್ತಿದ್ದಳು. ಎಲ್ಲರೂ ಹೋದ ಮೇಲೆ ಸುಬೈದಾ ಆ ತೋಳನ್ನು ಉಜ್ಜಿಕೊಳ್ಳುತ್ತ, ಟಾಕೀಸಿನವನ ಉಪಾಯ ಅರ್ಧಂಬರ್ಧವಾದರೂ ಫಲಿಸಿತಲ್ಲ ಎಂದು ಸಮಾಧಾನಪಟ್ಟಳು.

ಅರ್ಧಂಬರ್ಧದ ಇನ್ನರ್ಧ ಬೇಗನೆ ಕಾಣಿಸಿಕೊಂಡಿತು. ಮೋನಿಷಾ ಒಂದು ವಾರ ಬರಲಿಲ್ಲ. ಶನಿವಾರ ಬೆಳಿಗ್ಗೆ ಕಟ್ಟಡ ಕಾಯುವ ಹಾರಿಸ್ ರಮೀಝ್ ಬೆಲ್ಲು ಒತ್ತಿದ. ಬಂಗಾಳದವನು, ಒಳ್ಳೆಯ ಮನುಷ್ಯ. ಅವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಗುಲಾಬಿ ತಟ್ಟೆ, ತಟ್ಟೆಯಲ್ಲಿ ಚಾಕಲೇಟು. "ಆ ಮೇಡಂ ಗಾಡಿಯಿಂದ ಇಳಿಯಲಿಲ್ಲ, ಕೊಟ್ಟು ಹೋದ್ರು" ಎಂದ ಅವನು ಹಿಂದಿಯಲ್ಲಿ. ಮುಂದಿನ ವಾರವೂ ಅವಳು ಬರಲಿಲ್ಲ. ಹಿಂದೆ ಕೊಡಲು ಏನೂ ಉಳಿದಿರಲಿಲ್ಲವಲ್ಲ, ಯಾಕೆ ಬಂದಾಳು?

ಸುಬೈದಾಳಿಗೆ ವಿಷಯ ಹೊಳೆದದ್ದು ಆಗ. ಟಾಕೀಸಿನವನ ತಟ್ಟೆ ಅಜ್ಜಿಯನ್ನು ವಾರ ವಾರ ಎಳೆದು ತರುತ್ತಿತ್ತು, ಯಾಕೆಂದರೆ ಸೆಟ್ಟಿನ ಮುಂದಿನದು ಅವನ ಹತ್ತಿರವೇ ಇತ್ತು. ತಾನು ತಿಂಡಿ ತುಂಬಿಸಿ ಕೊಟ್ಟ ತಟ್ಟೆ ಒಂದು ಋಣವಾಗಿ ಹೋಗುತ್ತಿತ್ತು. ಋಣ ತೀರಿಸಿದರೆ ಮುಗಿಯಿತು, ಜನ ಹಗುರಾಗಿ ನಡೆದುಬಿಡುತ್ತಾರೆ. ಎರಡು ಬನ್ಸು ಹಾಕಿ ತಾನೇ ತನ್ನ ಕಾಲಿಗೆ ಕೊಡಲಿ ಹಾಕಿಕೊಂಡೆ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಯೋಗೀಶನಿಗೆ ಜುಬೈಲ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಕ್ಯಾಂಪಿನಲ್ಲಿ ವಾಸ, ಕಂಪೆನಿ ಬಸ್ಸಿನಲ್ಲಿ ಓಡಾಟ, ಸಂಸಾರ ಇಟ್ಟುಕೊಳ್ಳುವಂತಿಲ್ಲ. ಅಕ್ಕು ವೀಸಾ ರದ್ದು ಮಾಡಿಸಿ ಎಕ್ಸಿಟ್‌ನಲ್ಲಿ ಊರಿಗೆ ಹೋಗುವುದೆಂದಾಯಿತು. ಹೊರಡುವ ಹಿಂದಿನ ದಿನ ತಟ್ಟೆ ತುಂಬ ಪತ್ರೊಡೆ ತಂದಳು. ಕೆಸುವಿನ ಎಲೆ ರಿಯಾದಿನಲ್ಲಿ ಎಲ್ಲಿ ಸಿಕ್ಕಿತೆಂದು ಕೇಳಿದರೆ, "ಹುಡುಕಿದೆ ಸುಬೈದಾಕ್ಕ. ನಿಮ್ಮ ತಟ್ಟೆ ಸುಮ್ಮನೆ ಕೊಡ್ಲಿಕ್ಕೆ ಆಗ್ತದಾ?" ಎಂದು ಕಣ್ಣೊರೆಸಿಕೊಂಡಳು. ಅಷ್ಟು ಪ್ರೀತಿಯಿಂದ ಮಾಡಿದ ಪತ್ರೊಡೆಯನ್ನು ಸುಬೈದಾಳಿಗೆ ತಿನ್ನಲಾಗಲಿಲ್ಲ. ಅಕ್ಕುವಿನ ಮನೆಗೆ ಯಾರೋ ಹೈದರಾಬಾದಿನ ಗಂಡ ಹೆಂಡತಿ ಬಂದರು. ಹೊಸಬರ ಹತ್ತಿರ ಏನು ಮಾತು ಎಂದು ಸುಬೈದಾ ಮೆಟ್ಟಿಲಲ್ಲಿ ಆ ಹೆಂಗಸು ಎದುರಾದರೂ ಸಲಾಂ ಹೇಳಿ ಸರಿದುಬಿಡುತ್ತಿದ್ದಳು.

ಉಳಿದವಳು ಖದೀಜತ್ ಒಬ್ಬಳು. ಇಬ್ಬರೇ ಆದ ಮೇಲೆ ಸಿನಿಮಾ ಹಾಕುವುದು ನೆಪಕ್ಕಷ್ಟೇ ಆಯಿತು. ಪರದೆಯ ಮೇಲೆ ಅವರು ಕುಣಿಯುತ್ತಿದ್ದರೆ ಇವರಿಬ್ಬರೂ ಬ್ಯಾರಿಯಲ್ಲಿ ಊರಿನ ಮಾತಾಡಿಕೊಂಡು ಕೂರುತ್ತಿದ್ದರು. ಖದೀಜತಳ ಮನೆಯಲ್ಲಿ ಒಂದು ಗುಲಾಬಿ ತಟ್ಟೆ ಸದಾ ಇರುವಂತೆ ಸುಬೈದಾ ನೋಡಿಕೊಂಡಳು. ಅವಳು ಒಂದನ್ನು ತುಂಬಿಸಿ ತಂದರೆ ಹೋಗುವಾಗ ಇನ್ನೊಂದು ತುಂಬಿಸಿ ಕಳಿಸುವುದು. ಎಷ್ಟು ದಿನ ಆ ತಟ್ಟೆ ಕೆಳಗಿನ ಮನೆಯಲ್ಲಿರುತ್ತದೋ ಅಷ್ಟು ದಿನ ಖದೀಜತ್ ಮೆಟ್ಟಿಲು ಹತ್ತಿ ಬರಲೇಬೇಕು. ಇದಕ್ಕಾಗಿ ಸುಬೈದಾ ಸೊಂಟನೋವಿದ್ದ ದಿನವೂ ಹಿಟ್ಟು ಕಲಸಿದಳು. ಒಮ್ಮೆ ಫೋನಿನಲ್ಲಿ ಹಕೀಂ, "ಒಬ್ಬಳೇ ಇರುವವಳಿಗೆ ಇಷ್ಟು ಮೈದಾ ಯಾಕೆ?" ಎಂದು ಕೇಳಿದ್ದಕ್ಕೆ ಅವಳು ಫೋನು ಇಟ್ಟುಬಿಟ್ಟಳು.

ಒಂದು ಮಂಗಳವಾರ ಮಧ್ಯಾಹ್ನ ಖದೀಜತ್ ಬಂದಳು. ಶುಕ್ರವಾರದವಳು ಮಂಗಳವಾರ ಬಂದಿದ್ದಳು. ಖದೀಜತಳ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಏನೂ ಇಲ್ಲ.

"ನಿಸಾರರ ಕೆಲಸ ಹೋಯ್ತು ಸುಬೈದಾಕ್ಕ. ತಿಂಗಳ ಹಿಂದೆಯೇ ಕಾಗದ ಕೊಟ್ಟಿದ್ರು. ನಿಮಗೆ ಹೇಳ್ಲಿಕ್ಕೆ ಬಾಯಿ ಬರಲಿಲ್ಲ. ನಾಳೆ ಬೆಳಿಗ್ಗೆ ಫ್ಲೈಟು." ಅವಳು ತಟ್ಟೆಯನ್ನು ಮುಂದೆ ಚಾಚಿದಳು. "ಸ್ಟವ್ವು ಮಾರಿ ಆಯ್ತು, ಪಾತ್ರೆ ಕಟ್ಟಿ ಆಯ್ತು. ನಿಮ್ಮ ತಟ್ಟೆಗೆ ಹಾಕ್ಲಿಕ್ಕೆ ಒಂದು ರೊಟ್ಟಿ ಸಹ ಇಲ್ಲ. ಇಷ್ಟು ದಿನದಲ್ಲಿ ಇದೇ ಮೊದಲು ಖಾಲಿ ತರ್ತಾ ಇರುವುದು. ನನಗೆ ನಾಚಿಕೆ ಆಗ್ತದೆ."

ಸುಬೈದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೋಪ, ದುಃಖ ಎರಡೂ ಒಟ್ಟಿಗೆ ನುಗ್ಗಿ ಬಂದರೂ ಅವಳ ತಲೆ ಆ ಖಾಲಿ ತಟ್ಟೆಯ ಮೇಲೆಯೇ ನಿಂತಿತ್ತು.

"ಖಾಲಿ ತಟ್ಟೆ ನಾನು ತಕೊಳ್ಳುವುದಿಲ್ಲ" ಎಂದಳು. "ನೀನೇ ಇಟ್ಟುಕೋ. ಊರಿಗೆ ಕೊಂಡುಹೋಗು. ಯಾವಾಗಾದ್ರೂ ತುಂಬಿಸಿ ತಂದುಕೊಡು. ನಾನು ಊರಿಗೆ ಬಂದಾಗ ಕೊಟ್ರೂ ಆಯ್ತು, ನೀನು ಉಮ್ರಾಕ್ಕೆಂದು ಮಕ್ಕಾಕ್ಕೆ ಬಂದಾಗ ಕೊಟ್ರೂ ಆಯ್ತು. ಕೊಡದೆ ಇರಬಾರದು, ಅಷ್ಟೇ."

"ಗಾಜು ಒಡೆದು ಹೋದ್ರೆ?"

"ಒಡೆದ ಚೂರು ತಾ. ಆದ್ರೆ ನೀನೇ ತರಬೇಕು."

ಖದೀಜತ್ ಅವಳನ್ನು ತಬ್ಬಿಕೊಂಡು ಅತ್ತಳು. ಸುಬೈದಾ ತನ್ನ ಶಾಲು ತಂದು ತಟ್ಟೆಗೆ ಸುತ್ತಿ, ಸುತ್ತಿದ್ದನ್ನು ಅವಳ ಕಂಕುಳಿಗೆ ತುರುಕಿ ಕೆಳಗೆ ಕಳಿಸಿದಳು. ಆ ದಿನ ಅವಳು ಅಳಲಿಲ್ಲ. ಡಜನ್ನಿನಲ್ಲಿ ಒಂದು ಕಡಿಮೆ, ಅದು ಉಳ್ಳಾಲದಲ್ಲಿರುತ್ತದೆ, ಅದನ್ನು ಕೊಡಲು ಒಬ್ಬಳು ಬರಲೇಬೇಕು. ಇಷ್ಟು ದಿನಕ್ಕೆ ಟಾಕೀಸಿನವನ ಉಪಾಯ ತನ್ನ ಕೈಗೆ ಸರಿಯಾಗಿ ಹತ್ತಿತು ಎಂದು ಅವಳಿಗೆ ಒಂಥರಾ ಧೈರ್ಯವೇ ಬಂತು.

ಬುಧವಾರ ಬೆಳಿಗ್ಗೆ ರಮೀಝ್ ಬೆಲ್ಲು ಒತ್ತಿದ. ಅವನ ಕೈಯಲ್ಲಿ ಸುಬೈದಾಳ ಶಾಲಿನ ಗಂಟು. ಬಿಚ್ಚಿದರೆ ಗುಲಾಬಿ ತಟ್ಟೆ, ಅದರ ತುಂಬ ಮೂಲೆಯ ಬಕಾಲಾ ಎಂಬ ಕಿರಾಣಿ ಅಂಗಡಿಯಲ್ಲಿ ಸಿಗುವ ಬಿಸ್ಕೆಟು, ಒಪ್ಪವಾಗಿ ಸುತ್ತಲೂ ಜೋಡಿಸಿದ್ದು.

ಸುಬೈದಾ ಫೋನು ಮಾಡಿದಳು. ಖದೀಜತ್ ವಿಮಾನ ನಿಲ್ದಾಣದಲ್ಲಿದ್ದಳು, ಹಿಂದೆ ಜನರ ಗದ್ದಲ ಕೇಳುತ್ತಿತ್ತು.

"ಸಿಕ್ಕಿತಾ ಸುಬೈದಾಕ್ಕ? ಬೆಳಿಗ್ಗೆ ಬಕಾಲಾ ತೆಗೆಯುವವರೆಗೆ ಟ್ಯಾಕ್ಸಿ ನಿಲ್ಲಿಸಿದೆ. ನಿಸಾರ್ ಬೈದ್ರು, ಬೈಲಿ. ಬಾಕಿ ಇಟ್ಟು ಹೋದ್ರೆ ನನಗೆ ಅಲ್ಲಿ ಹೋಗಿ ನಿದ್ದೆ ಬರ್ಲಿಕ್ಕಿಲ್ಲ."

"ನಿನಗೆ ನಿದ್ದೆ ಬರಲಿ ಅಂತ ನೀನು ಬಿಸ್ಕೆಟು ಕಳಿಸಿದಿ" ಎಂದಳು ಸುಬೈದಾ. "ನನಗೆ ನಿದ್ದೆ ಬರ್ಲಿಕ್ಕೆ ಎಂತ ಕಳಿಸ್ತಿ ಖದೀಜಾ?"

ಯಾವುದೋ ವಿಮಾನದ ಕರೆ ಕೇಳಿಸಿತು. ಆಮೇಲೆ ಖದೀಜತ್ ಮೆಲ್ಲಗೆ, "ನೀವು ತಟ್ಟೆಯ ಬಗ್ಗೆ ಹೇಳಿದ್ದು ಅಂತ ತಿಳಿದೆ ನಾನು" ಎಂದಳು.

"ನನ್ನದೇ ತಪ್ಪು. ನಾನೂ ತಟ್ಟೆಯ ಬಗ್ಗೆಯೇ ಹೇಳಿದ್ದು. ಬೇರೆ ಹೇಳಬೇಕಿತ್ತು, ಹೇಳಲಿಲ್ಲ. ಹೋಗು, ಸಲಾಮತ್ತಾಗಿ ಹೋಗು."

ಅವಳು ಬಿಸ್ಕೆಟುಗಳನ್ನು ಡಬ್ಬಿಗೆ ಸುರಿದಳು. ತಟ್ಟೆ ತೊಳೆದು ಉಳಿದವುಗಳ ಮೇಲಿಟ್ಟಳು. ಡಜನ್ ಪೂರ್ತಿಯಾಯಿತು. ಒಂದಕ್ಕೂ ಸೀಳಿಲ್ಲ, ಒಂದರ ಅಂಚೂ ಮುಕ್ಕಾಗಿಲ್ಲ. ಮೇಡಮ್ಮಿನ ಅಜ್ಜಿ ವಾರ ವಾರ ಟಾಕೀಸಿಗೆ ಹೋಗಿ ಕೂಡಿಸಿದ ಸೆಟ್ಟು ಹೇಗಿತ್ತೋ ಹಾಗೆಯೇ ಸುಬೈದಾಳ ಅಡಿಗೆಮನೆಯಲ್ಲಿ ಕೂತಿತ್ತು. ಯಾರ ಮನೆಯಲ್ಲೂ ತನ್ನದೇನೂ ಉಳಿದಿಲ್ಲ, ಈ ಇಡೀ ಊರಿನಲ್ಲಿ ತನ್ನ ಬಾಗಿಲಿಗೆ ಬರಬೇಕಾದವರು ಯಾರೂ ಇಲ್ಲ. ಕೂತಳು, ಎದ್ದಳು, ಟೀವಿ ಹಾಕಿದಳು, ಆರಿಸಿದಳು. ಅಸರ್ ನಮಾಜು ಮಾಡಿ ಎದ್ದವಳು ಅಡಿಗೆಮನೆಗೆ ಹೋಗಿ ಮೇಲಿನ ಒಂದು ತಟ್ಟೆ ತೆಗೆದುಕೊಂಡಳು. ಕೈ ಅಭ್ಯಾಸದಂತೆ ಬಿಸ್ಕೆಟಿನ ಡಬ್ಬಿಯ ಕಡೆಗೆ ಹೋಯಿತು. ಅವಳು ಆ ಕೈಯನ್ನು ಹಿಂದೆಗೆದುಕೊಂಡು ಬಾಗಿಲು ತೆರೆದು ಹೊರಟಳು.

ಮೂರನೇ ಮಾಳಿಗೆಯ ಮೆಟ್ಟಿಲು ಹತ್ತುವಾಗ ಅವಳ ಮುಖ ಬಿಸಿಯಾಗಿತ್ತು. ಖಾಲಿ ತಟ್ಟೆ ಹಿಡಿದುಕೊಂಡು ಒಬ್ಬರ ಬಾಗಿಲಿಗೆ ಹೋಗುವುದು ಬೇಡುವವರು ಮಾಡುವ ಕೆಲಸ. ತನ್ನ ತಾಯಿ ಕಂಡಿದ್ದರೆ ಏನನ್ನುತ್ತಿದ್ದಳೋ. ಅಕ್ಕುವಿನದಾಗಿದ್ದ ಬಾಗಿಲಿನ ಬೆಲ್ಲು ಒತ್ತಿದಳು. ಹೈದರಾಬಾದಿನ ಹೆಂಗಸು ಅರ್ಧ ಬಾಗಿಲು ತೆರೆದು ನೋಡಿದಳು. ಇನ್ನೂ ಚಿಕ್ಕ ವಯಸ್ಸು. ಅತ್ತು ಮುಖ ತೊಳೆದುಕೊಂಡವಳ ಹಾಗೆ ರೆಪ್ಪೆಗಳು ಒದ್ದೆಯಾಗಿದ್ದವು.

ಸುಬೈದಾ ತಟ್ಟೆ ಚಾಚಿದಳು. ಆ ಹೆಂಗಸು ತಟ್ಟೆಯನ್ನು ನೋಡಿ, ಅದರಲ್ಲಿ ಏನಾದರೂ ಇರಬೇಕೆಂದು ಮತ್ತೊಮ್ಮೆ ನೋಡಿ, ಅರ್ಥವಾಗದೆ ಮುಖ ಎತ್ತಿದಳು.

"ಇದರಲ್ಲಿ ಏನೂ ಇಲ್ಲ" ಎಂದಳು ಸುಬೈದಾ ತನ್ನ ಹರಕು ಹಿಂದಿಯಲ್ಲಿ. "ತಟ್ಟೆ ನಿನಗೆ. ಹಿಂದೆ ಕೊಡಬೇಡ. ನಾಡಿದ್ದು ಶುಕ್ರವಾರ ನಮ್ಮ ಮನೆಗೆ ಬಂದರೆ ಇನ್ನೊಂದು ಕೊಡುತ್ತೇನೆ. ಅದರ ಮುಂದಿನ ವಾರ ಬಂದರೆ ಮತ್ತೊಂದು." ಅಷ್ಟು ಹೇಳಿದ ಮೇಲೂ ಅವಳು ನಿಲ್ಲಿಸಲಿಲ್ಲ. "ನನಗೆ ಒಬ್ಬಳೇ ಇರಲಿಕ್ಕೆ ಆಗುತ್ತಿಲ್ಲ."

ಹೆಂಗಸು ಬಾಗಿಲನ್ನು ಇನ್ನಷ್ಟು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ. ಆಮೇಲೆ ಎರಡೂ ಕೈ ಚಾಚಿ ತಟ್ಟೆಯನ್ನು ತೆಗೆದುಕೊಂಡಳು.